ಎಳೆದವರದೇ ದೋಣಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಹೆಗಲು. ಅಂಗಡಿಯ ಮೇಲಿನ ಕಪಾಟಿನಿಂದ ಫ್ರೇಮುಗಳ ಡಬ್ಬ ಇಳಿಸಲು ಕೈ ಎತ್ತಿದ್ದೇ ನೆಪ, ಬಲಹೆಗಲು ಕಟಕ್ ಎಂದು ಅಲ್ಲೇ ಮುಷ್ಕರ ಹೂಡಿಬಿಟ್ಟಿತು. ಅಂದಿನಿಂದ ಕನ್ನಡಕದಂಗಡಿಯವನಿಗೆ ತಲೆ ಬಾಚಿಕೊಳ್ಳಲೂ ಎಡಗೈಯೇ ಗತಿ. ಡಾಕ್ಟರು ಮಾತ್ರೆ ಕೊಟ್ಟು, ಭಾರ ಎತ್ತಬೇಡಿ, ಭಾರ ಎಳೆಯಬೇಡಿ ಎಂದು ಹೇಳಿ ಕಳಿಸಿದ್ದರು. ಎತ್ತದೆ ಇರುವುದು ಅವನಿಗೆ ಹೊಸದೇನಲ್ಲ, ಮೊದಲಿನಿಂದಲೂ ಆ ಅಭ್ಯಾಸ ಚೆನ್ನಾಗಿಯೇ ಇತ್ತು ಎಂದು ಹೆಂಡತಿ ಹೇಳುತ್ತಾಳೆ. ತೊಂದರೆ ಇದ್ದದ್ದು ಎಳೆಯುವುದರಲ್ಲಿ. ಅಪ್ಪನ ದೋಣಿ ಇನ್ನೂ ಕೆರೆಯಲ್ಲೇ ಇತ್ತು, ಮರುದಿನ ಬೆಳಿಗ್ಗೆ ಕಟ್ಟೆ ರಿಪೇರಿಗೆಂದು ಕೆರೆಯ ತೂಬು ತೆಗೆಯುವವರಿದ್ದರು.

ಬೀದಿಯಲ್ಲಿ ಅವನಿಗೆ ‘ಕನ್ನಡಕ’ ಎಂದೇ ಹೆಸರು. ಊರಿನ ಅರ್ಧ ಜನರ ಮೂಗಿನ ಮೇಲೆ ಕೂತಿರುವುದು ಅವನ ಕೈಯ ಕನ್ನಡಕವೇ. ಗೋಡೆಯ ಮೇಲಿನ ಅಕ್ಷರ ಓದಿಸಿ, ಯಾರ ಕಣ್ಣಿಗೆ ಏನು ಕಾಣುವುದಿಲ್ಲ ಎಂದು ಕುಳಿತಲ್ಲೇ ಹೇಳಿಬಿಡುವ ಮನುಷ್ಯ. ಅಂಥವನಿಗೂ ಒಂದು ವಿಷಯ ನಲವತ್ತು ವರ್ಷ ಕಾಣದೇ ಉಳಿದಿತ್ತು ಎಂಬುದೇ ಈ ಕತೆ.

ದೋಣಿಯನ್ನು ಅಪ್ಪ ಅಂಗಳದಲ್ಲಿ ಕೂತು ತನ್ನ ಕೈಯಾರೆ ಕಟ್ಟಿದ್ದ. ಮಳೆಗಾಲ ಮುಗಿದ ಮೇಲೆ ಅದನ್ನು ಕೆರೆಗೆ ಬಿಡುವುದು, ನೀರು ಇಳಿಯುವ ಮುಂಚೆ ಟ್ರೇಲರ್ ಮೇಲೆ ಎಳೆದುಕೊಂಡು ಮನೆಗೆ ತರುವುದು. ಟ್ರೇಲರಿನ ಮೂಗಿನ ಮೇಲೆ ಹಗ್ಗ ಸುತ್ತಿದ ಒಂದು ಕೈರಾಟೆ ಇತ್ತು. ಅದರ ಹಿಡಿ ತಿರುಗಿಸಿದರೆ ಹಗ್ಗ ಸುತ್ತಿಕೊಂಡು ದೋಣಿ ಇಂಚಿಂಚೇ ಮೇಲೆ ಬರುತ್ತಿತ್ತು. ಹಾಗೆ ಎಳೆಯುವುದಕ್ಕೆ ಅಪ್ಪನದೊಂದು ನಿಯಮವಿತ್ತು: ದೋಣಿಯನ್ನು ನೀರಿನಿಂದ ಯಾರು ಒಬ್ಬರೇ ಎಳೆದು ತರುತ್ತಾರೋ ಅವರದೇ ದೋಣಿ. ಬೇರೆಯವರು ಕೈ ಹಾಕುವುದಿರಲಿ, ಹತ್ತಿರವೂ ಸುಳಿಯಬಾರದು. ಸಹಾಯಕ್ಕೆಂದು ಬಂದವರನ್ನೆಲ್ಲ ಅಪ್ಪ ಈ ಮಾತು ಹೇಳಿಯೇ ವಾಪಸು ಕಳಿಸುತ್ತಿದ್ದ.

ಕನ್ನಡಕನಿಗೆ ಆ ನಸುಕುಗಳ ನೆನಪು ಇವತ್ತಿಗೂ ಮಾಸಿಲ್ಲ. ಅವನನ್ನೂ ಅಕ್ಕನನ್ನೂ ಅಪ್ಪ ದೋಣಿಯ ಹಿಂಬದಿಯಲ್ಲಿ, ಕೆರೆಯ ಕಡೆ ಮುಖ ಮಾಡಿ ಕೂರಿಸುತ್ತಿದ್ದ. ಅವರಿಬ್ಬರೂ ಕಾವಲುಗಾರರು. ಹಿಂದಿನಿಂದ ಏನಾದರೂ ಬಂದರೆ ಕೂಗಬೇಕು, ತಿರುಗಿ ಮಾತ್ರ ನೋಡಬಾರದು, ನೋಡಿದರೆ ದೋಣಿ ವಾಲುತ್ತದೆ. ಅಕ್ಕತಮ್ಮ ಇಬ್ಬರೂ ಉಸಿರು ಬಿಗಿಹಿಡಿದು ಮಂಜು ಮುಸುಕಿದ ಕೆರೆಯನ್ನೇ ಕಾಯುತ್ತಿದ್ದರು. ಬೆನ್ನ ಹಿಂದೆ ರಾಟೆ ಮಾತಾಡುತ್ತಿತ್ತು. ಟಕ್ ಟಕ್ ಟಕ್, ಆಮೇಲೆ ಒಂದು ಬಿಡುವು. ಮತ್ತೆ ಟಕ್ ಟಕ್ ಟಕ್. ನಡುನಡುವೆ ಅಪ್ಪನ ಗಡಸು ದನಿ, “ಹೂಂ... ಬರಲಿ, ಬರಲಿ.” ಆ ಬಿಡುವಿನಲ್ಲಿ ಅಪ್ಪ ಆಕಾಶ ನೋಡುತ್ತಾನೆಂದು ಅವನು ಅಂದುಕೊಂಡಿದ್ದ. ದೋಣಿ ನಿಂತ ಮೇಲೆ ಇಳಿದು ನೋಡಿದರೆ ಅಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿರುತ್ತಿದ್ದ. ಅಮ್ಮ ಟೀ ಫ್ಲಾಸ್ಕ್ ಹಿಡಿದು, ಏರಿ ಹತ್ತಿ ಬಂದವಳ ಹಾಗೆ ಏದುಸಿರು ಬಿಡುತ್ತ, ಮರದ ಕೆಳಗೆ ನಿಂತಿರುತ್ತಿದ್ದಳು. ಅವನಿಗೆ ಜಗತ್ತಿನಲ್ಲಿ ಅಪ್ಪನಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿರಲಿಲ್ಲ.

ಅವನು ದೊಡ್ಡವನಾಗಿ ಅಂಗಡಿ ಹಿಡಿದ ಮೇಲೂ ಅಪ್ಪ ಬಿಡಲಿಲ್ಲ. ಕೂದಲು ನೆರೆತರೂ ಅಮ್ಮನೊಬ್ಬಳನ್ನೇ ಜೊತೆಗೆ ಕರೆದುಕೊಂಡು ಹೋಗಿ ದೋಣಿ ಎಳೆದು ತರುತ್ತಿದ್ದ. ಫ್ಲಾಸ್ಕ್ ಹಿಡಿಯಲು ಯಾರಾದರೂ ಬೇಕಲ್ಲ. ಉಳಿದ ತಿಂಗಳೆಲ್ಲ ಅಂಗಳದಲ್ಲಿ ದೋಣಿಯದೇ ರಾಜ್ಯ. ಅಮ್ಮನ ಕೋಣೆಯ ಕಿಟಕಿ ತೆರೆದರೆ ಕಾಣುತ್ತಿದ್ದುದು ಅದರ ಬಣ್ಣ ಹಚ್ಚಿದ ಹೊಟ್ಟೆ. ಅಮ್ಮನ ಗಿಡಗಳೇನಿದ್ದರೂ ಕಿಟಕಿಯ ಹಲಗೆಯ ಮೇಲೆ, ಹಳೆಯ ಡಬ್ಬಗಳಲ್ಲಿ.

ಹೋದ ವರ್ಷ, ದೋಣಿ ಕೆರೆಯಲ್ಲಿದ್ದಾಗಲೇ, ಅಪ್ಪ ತೀರಿಕೊಂಡ. ದೋಣಿ ಈಗ ಯಾರದೆಂಬ ಪ್ರಶ್ನೆ ಎದ್ದದ್ದು ಭಾವನಿಂದ. ಭಾವ ಎಂದರೆ ಅಕ್ಕನ ಗಂಡ, ಹೆದ್ದಾರಿಯಲ್ಲಿ ಲಾಡ್ಜ್ ನಡೆಸುವವನು. ಬೆಳಿಗ್ಗೆಯೇ ಫೋನ್ ಮಾಡಿ ವಿಷಯ ತಿಳಿಸಿದ್ದ. ಸಂಜೆ ಬರುತ್ತಾನಂತೆ. ಅಷ್ಟರಲ್ಲಿ ಕನ್ನಡಕ ಎಳೆದಿದ್ದರೆ ಸರಿ, ಇಲ್ಲದಿದ್ದರೆ ತಾನೇ ಎಳೆದು, ಮಾವನ ನಿಯಮದಂತೆ ದೋಣಿಯನ್ನು ಕೊಂಡೊಯ್ದು ಲಾಡ್ಜ್ ಮುಂದೆ ಇಟ್ಟು, ಮಣ್ಣು ತುಂಬಿ ಹೂವಿನ ಗಿಡ ಹಾಕಿಸುತ್ತಾನಂತೆ. ಬಂದವರು ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿರುತ್ತದಂತೆ.

ಅಪ್ಪನ ದೋಣಿ ಹೂಕುಂಡ. ಕನ್ನಡಕನ ಎದೆಗೆ ಯಾರೋ ಗುದ್ದಿದ ಹಾಗಾಯಿತು. ಹೆಗಲಿನ ವಿಷಯ ಭಾವನಿಗೆ ಗೊತ್ತಿತ್ತು, ಅದಕ್ಕೇ ಈ ಧೈರ್ಯ. ಆದರೆ ಭಾವನಿಗೆ ಗೊತ್ತಿಲ್ಲದ್ದೊಂದು ಕನ್ನಡಕನ ಬಳಿ ಇತ್ತು: ಎಲೆಕ್ಟ್ರಿಕ್ ವಿಂಚ್. ಅಂದರೆ ಮೋಟಾರಿನ ರಾಟೆ. ಕಾರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ ಒಂದು ಗುಂಡಿ ಒತ್ತಿದರೆ ದೋಣಿ ತಾನಾಗಿ ಹತ್ತಿ ಬರುತ್ತದೆಂದು ಅದನ್ನು ಮಾರಿದವನು ಹೇಳಿ ಕೊಟ್ಟಿದ್ದ. ಗುಂಡಿ ಒತ್ತಲು ಹೆಗಲು ಬೇಡ, ಹೆಬ್ಬೆರಳು ಸಾಕು. ಹಿಂದಿನ ದಿನವೇ ಟ್ರೇಲರಿನಿಂದ ಹಳೆಯ ರಾಟೆ ಬಿಚ್ಚಿ ಮೂಲೆಗೆ ಬಿಸಾಕಿ, ಆ ಜಾಗಕ್ಕೆ ಹೊಸದನ್ನು ಕೂರಿಸಿದ್ದ.

ಹೊರಡುವಾಗ ಅಮ್ಮ ತಾನೂ ಬರುತ್ತೇನೆಂದಳು. ಬಂದವಳ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಹಳೆಯ ರಾಟೆ.

“ಅದ್ಯಾಕಮ್ಮ? ಅದರ ಕಾಲ ಮುಗೀತು.”

“ಇರಲಿ ಬಿಡೋ. ಡಿಕ್ಕಿಯಲ್ಲಿ ಜಾಗ ಇದೆಯಲ್ಲ.”

ವಯಸ್ಸಾದವರಿಗೆ ಹಳೆಯ ವಸ್ತುಗಳ ಮೇಲೆ ಮಮತೆ ಎಂದುಕೊಂಡು ಅವನು ಅದನ್ನು ಡಿಕ್ಕಿಗೆ ಹಾಕಿದ. ಹೆಂಡತಿ ಮಡಿಸುವ ಕುರ್ಚಿಯನ್ನೂ ಫ್ಲಾಸ್ಕನ್ನೂ ಇಟ್ಟಳು.

ಕೆರೆಯ ದಡದಲ್ಲಿ ಅವನಿಗಿಂತ ಮೊದಲೇ ಇಬ್ಬರು ಬಂದು ನಿಂತಿದ್ದರು. ಒಬ್ಬರು ಎದುರುಮನೆಯ ಡ್ರೈವರ್ ಮಾಮ. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಈಗ ಬೀದಿಯವರನ್ನೆಲ್ಲ ಓಡಿಸುತ್ತಾರೆ. ಇನ್ನೊಬ್ಬರು ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು, ಬಿಟ್ಟಿರಲೂ ಆಗದು. ಕನ್ನಡಕನ ಹೆಂಡತಿ ಹಾಲು ತರಲು ಹೋದಾಗ ಬಾಯಿ ಬಿಟ್ಟದ್ದರ ಫಲ ಇದು.

“ದೋಣಿ ಮುಟ್ಟಲ್ಲಪ್ಪ, ನಿಮ್ಮಪ್ಪನ ನಿಯಮ ನಮಗೂ ಗೊತ್ತು. ಬರೀ ಬಾಯಲ್ಲಿ ಹೇಳ್ತೀವಿ,” ಎಂದರು ಡ್ರೈವರ್ ಮಾಮ. ಕನ್ನಡಕನಿಗೆ ಅದೇ ಭಯವಿತ್ತು.

ಟ್ರೇಲರನ್ನು ನೀರಿನ ಇಳಿಜಾರಿಗೆ ಹಿಮ್ಮುಖವಾಗಿ ಬಿಡುವುದರಲ್ಲೇ ಅರ್ಧ ಬೆಳಗು ಕಳೆಯಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಡ್ರೈವರ್ ಮಾಮ ಎಡ ಎಂದಾಗ ಡಾಕ್ಟರು ಬಲ ಎನ್ನುತ್ತಿದ್ದರು. ಕೊನೆಗೆ ಅಮ್ಮ ಮರದ ಕೆಳಗಿನ ಕುರ್ಚಿಯಿಂದ, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವನಿಗೆ ದಾರಿ ಕಂಡೀತು ಎಂದಳು. ಕಂಡಿತು ಕೂಡ. ಟ್ರೇಲರಿನ ಹಿಂಬದಿ ನೀರಿಗಿಳಿಯಿತು, ಕಾರು ದಡದಲ್ಲೇ ಉಳಿಯಿತು. ಚಕ್ರಕ್ಕೆ ಕಲ್ಲು ಕೊಡಲು ಅವನು ಬಗ್ಗಿದಾಗ ಡ್ರೈವರ್ ಮಾಮ ಕಾಲಿನಿಂದಲೇ ಕಲ್ಲನ್ನು ಪಕ್ಕಕ್ಕೆ ಸರಿಸಿ, ಹ್ಯಾಂಡ್‌ಬ್ರೇಕ್ ಇರುವ ಗಾಡಿಗೆ ಕಲ್ಲು ಕೊಡುವುದು ಗಾಡಿಗೇ ಅವಮಾನ ಎಂದರು. ದೋಣಿ ಕೊಂಚ ದೂರದಲ್ಲಿ, ಗೂಟದ ಪಕ್ಕ, ಏನೂ ಅರಿಯದಂತೆ ತೇಲುತ್ತಿತ್ತು. ಅವನು ಅದನ್ನು ಗೂಟದಿಂದ ಬಿಚ್ಚಿ, ಮೂಗಿಗೆ ವಿಂಚಿನ ಕೊಕ್ಕೆ ಸಿಕ್ಕಿಸಿ ಬಂದ.

ಆಗ ಗೊತ್ತಾದದ್ದು ಮೊದಲ ತೊಡಕು. ಬ್ಯಾಟರಿ ಇರುವುದು ಕಾರಿನ ಮೂತಿಯಲ್ಲಿ, ವಿಂಚ್ ಇರುವುದು ಕಾರಿನ ಬಾಲದ ಆಚೆ. ವಿಂಚಿನ ಜೊತೆ ಬಂದ ತಂತಿ ಹಿಂದಿನ ಸೀಟಿನವರೆಗೂ ಮುಟ್ಟಲಿಲ್ಲ.

ಡಾಕ್ಟರ ಸಲಹೆಯಂತೆ ಟ್ರೇಲರಿನ ಹಿಂದೀಪಕ್ಕೆ ಹೋಗುವ ತಂತಿಯಿಂದಲೇ ಕರೆಂಟು ತೆಗೆದದ್ದಾಯಿತು. ಗುಂಡಿ ಒತ್ತಿದ ಕೂಡಲೇ ಎಲ್ಲೋ ಒಳಗೆ ಟಪ್ ಎಂದಿತು, ಫ್ಯೂಸ್ ಹೋಯಿತು. ಡ್ರೈವರ್ ಮಾಮ ನಕ್ಕು, ಮನೆಗೆ ಹೋಗಿ ಗೋಡೆ ಗಡಿಯಾರದ ಪಕ್ಕ ದೀಪ ಉರಿಸುವ ತೆಳ್ಳನೆಯ ವಯರು ತಂದರು. ಅದನ್ನು ಜೋಡಿಸಿದಾಗ ವಿಂಚ್ ಮುದುಕನ ಹಾಗೆ ಒಮ್ಮೆ ಗೊಣಗಿತು. ವಯರು ಮಾತ್ರ ಬಿಸಿಯಾಗಿ ಮೆತ್ತಗಾಗಿ ಸುಟ್ಟ ವಾಸನೆ ಹೊಡೆಯತೊಡಗಿತು. ಈಗ ನಗುವ ಸರದಿ ಡಾಕ್ಟರದು.

“ಹಲ್ಲು ನೋಯ್ತಿದ್ರೆ ಮನುಷ್ಯನೇ ಕುರ್ಚಿಗೆ ಬರಬೇಕು, ಕುರ್ಚಿ ಅವನ ಮನೆಗೆ ಹೋಗಲ್ಲ. ಬ್ಯಾಟರೀನೇ ಬಿಚ್ಚಿ ವಿಂಚ್ ಹತ್ರ ತನ್ನಿ,” ಎಂದರು ಡಾಕ್ಟರು. ಹೋಲಿಕೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಸಲಹೆ ಮಾತ್ರ ಸರಿಯಾಗಿತ್ತು.

ಬ್ಯಾಟರಿ ಹೊರುವುದು ನಿಯಮದೊಳಗೆ ಬರುತ್ತದೋ ಇಲ್ಲವೋ ಎಂದು ಚರ್ಚೆಯಾಯಿತು. ಬ್ಯಾಟರಿ ದೋಣಿಯಲ್ಲ, ಆದ್ದರಿಂದ ಮುಟ್ಟಬಹುದು ಎಂದು ಡ್ರೈವರ್ ಮಾಮ ತೀರ್ಪು ಕೊಟ್ಟರು. ಹಿರಿಯರಿಬ್ಬರೂ ಆಚೀಚೆ ಹಿಡಿದು, ಅದನ್ನು ಹಸುಗೂಸಿನ ಹಾಗೆ ಹೊತ್ತು ತಂದು ಟ್ರೇಲರಿನ ಮೂಗಿನ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಕಾರು ಬಾಯಿ ತೆರೆದುಕೊಂಡು ಹಾಗೇ ನಿಂತಿತು.

ಕೆಂಪು ತಂತಿ ಯಾವ ಕಡೆ, ಕಪ್ಪು ಯಾವ ಕಡೆ ಎಂಬಲ್ಲಿ ಮತ್ತೆ ಜಗಳ. ಹಳೆಯ ಬ್ಯಾಟರಿಯ ಗುರುತುಗಳು ಕೊಳೆಯಲ್ಲಿ ಮುಚ್ಚಿಹೋಗಿದ್ದವು. ಕನ್ನಡಕ ತನ್ನ ಕನ್ನಡಕ ಒರೆಸಿ, ಬಗ್ಗಿ ನೋಡಿ, ತಂತಿಗಳನ್ನು ಸಿಕ್ಕಿಸಿ ಗುಂಡಿ ಒತ್ತಿದ. ವಿಂಚ್ ಝುಂ ಎಂದು ತಿರುಗಿತು. ಎಂಥ ಹುರುಪು. ಅವನ ಮುಖ ಅರಳಿತು. ಆದರೆ ದೋಣಿ ದಡಕ್ಕೆ ಬರುವ ಬದಲು ತಿರುಗಿ ಕೆರೆಯ ನಡುವಿಗೆ ಹೊರಟಿತ್ತು. ತಂತಿ ಉಲ್ಟಾ ಆಗಿ, ವಿಂಚ್ ಹಗ್ಗ ಸುತ್ತಿಕೊಳ್ಳುವ ಬದಲು ಬಿಚ್ಚುತ್ತಿತ್ತು. ಗಾಳಿಯೂ ದೋಣಿಯ ಕಡೆಗೇ ಸೇರಿಕೊಂಡಿತು.

ಪ್ಯಾಂಟು ಮಡಿಸಿ, ಸೊಂಟದವರೆಗೂ ನೀರಿಗಿಳಿದು ಅವನು ದೋಣಿಯನ್ನು ಹಿಡಿದು ತಂದ. ಮತ್ತೆ ಓಡಿಹೋಗದಿರಲೆಂದು ದೋಣಿಯ ಹಿಂಬದಿಗೆ ಒಂದು ಹಗ್ಗ ಹಾಕಿ ನೀರಿನೊಳಗಿನ ಗೂಟಕ್ಕೆ ಬಿಗಿಯಾಗಿ ಕಟ್ಟಿದ. ಅಪ್ಪ ಕಲಿಸಿದ ಗಂಟು ಅದು, ಎಷ್ಟೆಳೆದರೂ ಬಿಚ್ಚುವುದಿಲ್ಲ. ನೀರಿನಲ್ಲಿ ನಿಂತು ದೋಣಿಯ ಹಲಗೆಯ ಮೇಲೆ ಕೈಯಾಡಿಸಿದಾಗ, ಅಪ್ಪನ ಉಳಿ ತಪ್ಪಿ ಬಿದ್ದ ಹಳೆಯ ಗೀರು ಬೆರಳಿಗೆ ಸಿಕ್ಕಿತು. ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು, ತನ್ನ ಮೇಲೆ ನಾಚಿಕೆಯೂ. ನೆರೆಗೂದಲ ಅಪ್ಪ ಸುಮ್ಮನೆ ಕೈಯಲ್ಲಿ ಎಳೆಯುತ್ತಿದ್ದುದನ್ನು ನಡುವಯಸ್ಸಿನ ಮಗ ಬ್ಯಾಟರಿ, ಮೋಟಾರು, ಇಬ್ಬರು ಸಲಹೆಗಾರರನ್ನು ಇಟ್ಟುಕೊಂಡೂ ಎಳೆಯಲಾರದೆ ಹೋಗಿದ್ದ. ಅಪ್ಪನಿಗೆ ಎಂಥ ಹೆಗಲಿತ್ತು, ತನಗೆ ಎಂಥ ಹೆಗಲು ಬಂತು ಎಂದು ಅವನಿಗೆ ಅಳುವೇ ಬಂದಂತಾಯಿತು.

ದಡಕ್ಕೆ ಬಂದು ತಂತಿ ಅದಲುಬದಲು ಮಾಡಿ ಗುಂಡಿ ಒತ್ತಿದ. ಈ ಸಲ ಹಗ್ಗ ಸುತ್ತಿಕೊಂಡಿತು. ದೋಣಿ ಗಂಭೀರವಾಗಿ ಟ್ರೇಲರಿನ ಕಡೆ ಬಂತು. ಡಾಕ್ಟರು ಚಪ್ಪಾಳೆ ತಟ್ಟಿದರು, ಹೆಂಡತಿಯೂ ಒಂದೆರಡು ತಟ್ಟಿದಳು. ದೋಣಿಯ ಮೂಗು ಟ್ರೇಲರಿನ ಮೊದಲ ಉರುಳೆಯನ್ನು ಹತ್ತಿತು, ಅಲ್ಲಿಗೆ ನಿಂತಿತು. ವಿಂಚ್ ನರಳಿತು, ಹಗ್ಗ ತಂತಿಯಂತೆ ಬಿಗಿಯಿತು, ದೋಣಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮರದ ಕೆಳಗಿನಿಂದ ಅಮ್ಮ ಹಗ್ಗದ ವಿಷಯ ಏನೋ ಹೇಳಿದಳು. ಹಗ್ಗ ಗಟ್ಟಿಯಾಗಿಯೇ ಇದೆ ಎಂದು ಕನ್ನಡಕ ತಿರುಗದೆಯೇ ಉತ್ತರ ಕೊಟ್ಟ.

“ಪವರ್ ಸಾಲದು. ಬ್ಯಾಟರಿ ಸುಸ್ತಾಗಿದೆ,” ಎಂದರು ಡಾಕ್ಟರು. ಹೌದು, ಬೆಳಗಿನಿಂದ ಪಟ್ಟ ಪಾಡಿಗೆ ಬ್ಯಾಟರಿ ನಿಜವಾಗಿಯೂ ಸುಸ್ತಾಗಿತ್ತು. ಸ್ವಲ್ಪ ಹೊತ್ತಿಗೆ ಅದು ಪೂರ್ತಿ ಕಣ್ಣು ಮುಚ್ಚಿತು. ಡಾಕ್ಟರು ಉದಾರವಾಗಿ ತಮ್ಮ ಹೊಸ ಕಾರಿನ ಬ್ಯಾಟರಿಯನ್ನೇ ಬಿಚ್ಚಿಕೊಟ್ಟರು. ಅದು ಹರೆಯದ ಬ್ಯಾಟರಿ. ಗುಂಡಿ ಒತ್ತಿದ ಕೂಡಲೇ ವಿಂಚ್ ಹೂಂಕರಿಸಿ ಹಗ್ಗವನ್ನು ಎಳೆದುಕೊಳ್ಳತೊಡಗಿತು.

“ಬರ್ತಿದೆ, ಬರ್ತಿದೆ,” ಎಂದರು ಡ್ರೈವರ್ ಮಾಮ.

ಬರುತ್ತಿರಲಿಲ್ಲ. ಹೋಗುತ್ತಿತ್ತು. ಗೂಟಕ್ಕೆ ಕಟ್ಟಿದ್ದ ದೋಣಿ ಕದಲಲಾರದೆ ನಿಂತದ್ದರಿಂದ, ವಿಂಚ್ ತನ್ನನ್ನೇ ದೋಣಿಯ ಕಡೆ ಎಳೆದುಕೊಳ್ಳುತ್ತಿತ್ತು. ಅದರ ಜೊತೆ ಟ್ರೇಲರ್, ಟ್ರೇಲರಿನ ಜೊತೆ ಕಾರು. ಪಾಚಿಗಟ್ಟಿದ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದ ಕಾರು ಸದ್ದಿಲ್ಲದೆ ಜಾರಿ, ಹಿಂಚಕ್ರ ಮುಳುಗುವಷ್ಟು ನೀರಿಗಿಳಿದು ನಿಂತಿತು. ಸ್ಟೂಲು ಉರುಳಿತು, ಬ್ಯಾಟರಿಯನ್ನು ಡಾಕ್ಟರು ಅಪ್ಪಿ ಹಿಡಿದು ಉಳಿಸಿಕೊಂಡರು. ವಿಂಚಿನಿಂದ ನೀಲಿ ಹೊಗೆ ಎದ್ದು, ಬೀಡಿ ಸೇದಿ ಮುಗಿಸಿದವರ ಹಾಗೆ ಒಮ್ಮೆ ಕೆಮ್ಮಿ, ಅದು ಶಾಶ್ವತವಾಗಿ ಸುಮ್ಮನಾಯಿತು.

ಡ್ರೈವರ್ ಮಾಮ ತಾವು ಪಕ್ಕಕ್ಕೆ ಸರಿಸಿದ್ದ ಕಲ್ಲನ್ನು ಒಮ್ಮೆ ನೋಡಿ, ಅದರ ಮುಂದೆ ಬಂದು ನಿಂತುಕೊಂಡರು.

ಭಾವನ ಜೀಪು ಬಂದದ್ದು ಸರಿಯಾಗಿ ಆಗ. ಅವನು ಇಳಿದು ಕಾರು, ಹೊಗೆ, ಒದ್ದೆ ಬಾಮೈದ ಎಲ್ಲವನ್ನೂ ಕಣ್ತುಂಬ ನೋಡಿ ಹೊಟ್ಟೆ ಹಿಡಿದು ನಕ್ಕ. ಅತ್ತೆಗೆ ನಮಸ್ಕಾರ ಹೇಳಿದ. ಜೀಪಿನಲ್ಲಿ ಹೂವಿನ ಸಸಿಗಳನ್ನೂ ತಂದಿದ್ದ, ಅಷ್ಟು ನಂಬಿಕೆ. ತೋಳು ಮಡಿಸಿ, ಸತ್ತ ವಿಂಚಿನಿಂದ ಹಗ್ಗ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡು, ದೋಣಿಗೆ ಬೆನ್ನು ಮಾಡಿ ಒಂದೇ ಉಸಿರಿಗೆ ಎಳೆದ. ಗೂಟವೂ ದೋಣಿಯೂ ಒಂದಾಗಿ ಅವನನ್ನು ಎದುರಿಸಿದವು. ಕಾಲ ಕೆಳಗಿನ ಪಾಚಿ ಗೂಟದ ಪಕ್ಷ ಸೇರಿತು. ಭಾವ ಮುಗ್ಗರಿಸಿ, ಎದ್ದು, ಮತ್ತೆ ಜಾರಿ, ಮೂರನೆಯ ಸಲ ಅಂಗಾತ ಬಿದ್ದು ನೀರಿನಲ್ಲೇ ಕೂತುಬಿಟ್ಟ.

“ಮಾವ ಇದನ್ನ ಹೇಗೆ ಎಳೀತಿದ್ರಪ್ಪ?” ಎಂದ, ಮೀಸೆಯಿಂದ ನೀರು ಒರೆಸಿಕೊಳ್ಳುತ್ತ.

ಅಮ್ಮ ಕುರ್ಚಿಯಿಂದ ಎದ್ದಳು. ಡಿಕ್ಕಿಯಿಂದ ರಾಟೆ ತೆಗೆದು ಕೊಡು ಎಂದಳು. ಇಷ್ಟು ಹೊತ್ತಿಗೆ ಕನ್ನಡಕನಿಗೆ ಬೇಡ ಎನ್ನಲೂ ತ್ರಾಣವಿರಲಿಲ್ಲ. ಸ್ಪ್ಯಾನರು ಹಿಡಿದು, ಸುಟ್ಟ ವಿಂಚ್ ಬಿಚ್ಚಿ, ಹಳೆಯ ರಾಟೆಯನ್ನು ಅದರ ಹಳೆಯ ಜಾಗದಲ್ಲಿ ಕೂರಿಸಿ ಹಗ್ಗ ಸುತ್ತಿಕೊಟ್ಟ.

“ಮೊದಲು ಹೋಗಿ ಗೂಟದ ಹಗ್ಗ ಬಿಚ್ಚು. ಮಧ್ಯಾಹ್ನದಿಂದ ಹೇಳ್ತಿದ್ದೀನಿ.”

ಎಲ್ಲರೂ ಒಟ್ಟಿಗೆ ಗೂಟದ ಕಡೆ ನೋಡಿದರು. ಆಮೇಲೆ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಅವನು ಹೋಗಿ ಬಿಚ್ಚಿ ಬಂದ.

“ಟ್ರೇಲರ್ ಒಳಗೆ ಇಳಿದಿದ್ದು ಒಳ್ಳೇದೇ ಆಯ್ತು, ದೋಣಿ ತೇಲ್ಕೊಂಡು ಹತ್ತುತ್ತೆ,” ಎಂದಳು ಅಮ್ಮ. ಚಪ್ಪಲಿ ಬಿಟ್ಟು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದಳು. ಟವೆಲನ್ನು ಬಲ ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಎಡಗೈಯನ್ನು ರಾಟೆಯ ಕಂಬಕ್ಕೆ ಊರಿದಳು. “ಯಾರೂ ಹತ್ರ ಬರಬೇಡಿ,” ಎಂದಳು. ಹಿಡಿ ತಿರುಗಿಸಿದಳು.

ಟಕ್ ಟಕ್ ಟಕ್.

ಬಿಡುವು. ಆ ಬಿಡುವಿನಲ್ಲಿ ಅಮ್ಮ ಉಸಿರು ತೆಗೆದುಕೊಂಡು ಕೈ ಬದಲಿಸಿದಳು.

ಟಕ್ ಟಕ್ ಟಕ್.

ಕನ್ನಡಕ ನಿಂತಲ್ಲೇ ಕಲ್ಲಾದ. ಅದೇ ಸದ್ದು, ಅದೇ ಲಯ, ಅದೇ ಅಳತೆಯ ಬಿಡುವು. ಮಂಜಿನ ಕೆರೆಗೆ ಮುಖ ಮಾಡಿ ಕೂತು, ಬೆನ್ನಿನಿಂದ ಕೇಳಿಸಿಕೊಂಡದ್ದು ಅದೇ. ಅಪ್ಪ ಆಕಾಶ ನೋಡುತ್ತಿದ್ದಾನೆಂದು ತಾನು ಅಂದುಕೊಂಡಿದ್ದ ಆ ಬಿಡುವು ಅಮ್ಮನ ಉಸಿರಿನದಾಗಿತ್ತು. ಒಂದು ಕ್ಷಣ ಅವನಿಗೆ ಬಾಲ್ಯವೇ ಗಿರ್ರನೆ ಒಂದು ಸುತ್ತು ತಿರುಗಿ ಇನ್ನೊಂದು ಮುಖ ತೋರಿಸಿದಂತಾಯಿತು. ದೋಣಿ ಉರುಳೆಗಳ ಮೇಲೆ ಒಂದೊಂದೇ ಇಂಚು ಹತ್ತಿ ಬಂದು, ಮೂಗನ್ನು ರಾಟೆಯ ಕಂಬಕ್ಕೆ ಮುಟ್ಟಿಸಿ ನಿಂತಿತು. ಅಮ್ಮ ಏದುಸಿರು ಬಿಡುತ್ತ ಮರದ ಕೆಳಗೆ ಹೋಗಿ ಫ್ಲಾಸ್ಕ್ ಕೈಗೆತ್ತಿಕೊಂಡಳು.

“ಅಮ್ಮಾ... ಅಷ್ಟು ವರ್ಷ ಎಳೆದಿದ್ದು ನೀನಾ?”

“ನಿಮ್ಮಪ್ಪಂಗೂ ಇದೇ ಹೆಗಲು ಕಣೋ. ನಿಂಗೆ ಬಂದಿರೋದು ಅವರದ್ದೇ. ದೋಣಿ ಕಟ್ಟೋದೇನೋ ಕಟ್ಟಿಬಿಟ್ರು, ಎಳೆಯೋಕೆ ಹೋದ್ರೆ ಕೈ ಮೇಲೇಳಲಿಲ್ಲ. ಜನ ನೋಡಿ ನಕ್ಕಾರು ಅಂತ ಆ ನಿಯಮ ಮಾಡಿದ್ರು. ಯಾರೂ ಹತ್ರ ಬರದೇ ಇದ್ರೆ ಯಾರಿಗೂ ಗೊತ್ತಾಗಲ್ವಲ್ಲ.”

“ಮತ್ತೆ ಅಪ್ಪ ಅಲ್ಲಿ ಏನು ಮಾಡ್ತಿದ್ದ?”

“ಅಡ್ಡ ನಿಂತು ಬರಲಿ ಬರಲಿ ಅನ್ನೋರು. ಅದೂ ಬೇಕಿತ್ತು ಬಿಡು, ಒಬ್ಬಳೇ ಆದ್ರೆ ಬೇಜಾರು.” ಅಮ್ಮನ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು.

“ನನಗೆ ಒಂದು ಸಲಾನೂ ಹೇಳಲಿಲ್ವಲ್ಲಮ್ಮ.”

“ನೀನು ಒಂದು ಸಲಾನೂ ತಿರುಗಿ ನೋಡಲಿಲ್ವಲ್ಲೋ.”

ಊರವರ ಕಣ್ಣು ಪರೀಕ್ಷೆ ಮಾಡುವವನು ತನ್ನ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡ. ಅಂಗಿಯೂ ಒದ್ದೆಯಾಗಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ. ನೋಯುವ ಹೆಗಲನ್ನು ಮುಚ್ಚಿಟ್ಟುಕೊಂಡು, ಅಗಲವಾಗಿ ಬೆನ್ನು ಮಾಡಿ ನಿಂತು, ಗಡಸು ದನಿಯಲ್ಲಿ ಕೂಗುತ್ತಿದ್ದ ಅಪ್ಪ ಅವನಿಗೆ ಮೊದಲಿಗಿಂತ ಹತ್ತಿರದವನಾದ. ತನ್ನ ಹೆಗಲಿನ ಮೇಲೂ ಮೊದಲ ಸಲ ಅಕ್ಕರೆ ಹುಟ್ಟಿತು. ಆಸ್ತಿ ಎಂದು ಅಪ್ಪನಿಂದ ಬಂದದ್ದು ಅದೊಂದಾದರೂ ಇತ್ತಲ್ಲ.

ನೀರಿನಿಂದ ಎದ್ದು ಬಂದ ಭಾವ ವ್ಯವಹಾರಸ್ಥ. ಭಾವುಕತೆಗೆ ಹೆಚ್ಚು ಹೊತ್ತು ಕೊಡಲಿಲ್ಲ.

“ಹಾಗಾದ್ರೆ ಮಾವನ ನಿಯಮದ ಪ್ರಕಾರ ದೋಣಿ ಅತ್ತೆಯದು. ನಿನ್ನದೂ ಅಲ್ಲ, ನನ್ನದೂ ಅಲ್ಲ.”

ಕನ್ನಡಕನಿಗೆ ಒಳಗೊಳಗೇ ಹಬ್ಬವಾಯಿತು. ಸೋತರೂ ಗೆದ್ದಂತೆಯೇ. ಅಮ್ಮನ ದೋಣಿ ಎಂದರೆ ಮನೆಯ ದೋಣಿ. ಅಷ್ಟು ವರ್ಷ ಬೆವರು ಹರಿಸಿದವಳು ಅದನ್ನು ಹೂಕುಂಡವಾಗಲು ಬಿಟ್ಟಾಳೆ? ಅವನು ಭಾವನ ಕಡೆ ನೋಡಿ, ಆ ಸಸಿಗಳನ್ನು ವಾಪಸು ತೆಗೆದುಕೊಂಡು ಹೋಗಿ ಎಂದ.

“ಸಸಿ ಇರಲಿ,” ಎಂದಳು ಅಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

“ಮದುವೆಯಾಗಿ ಬಂದಾಗ ಅಂಗಳದಲ್ಲಿ ನಾಲ್ಕು ಗಿಡ ಹಾಕ್ತೀನಿ ಅಂದೆ. ದೋಣಿ ಕಟ್ಟೋಕೆ ಜಾಗ ಬೇಕು ಅಂದ್ರು. ಕಟ್ಟಿದ ಮೇಲೆ ಕೇಳಿದೆ, ನಿಲ್ಲಿಸೋಕೆ ಜಾಗ ಬೇಕು ಅಂದ್ರು. ಆಮೇಲೆ ನಾನೂ ಕೇಳೋದು ಬಿಟ್ಟೆ. ನಾನು ಒಂದು ದಿನಾನೂ ಆ ದೋಣಿಯಲ್ಲಿ ಕೂತವಳಲ್ಲ, ಬರೀ ಎಳೆದವಳು. ಈಗ ನನ್ನದು ಅಂತೀರಲ್ಲ, ಮನೆಗೆ ತಗೊಂಡು ಹೋಗಿ ನನ್ನ ಕಿಟಕಿ ಮುಂದೆ ಇಳಿಸಿ. ಅದರ ತುಂಬ ಗಿಡ ಹಾಕ್ತೀನಿ.”

“ಅಮ್ಮ, ಅಪ್ಪನ ದೋಣಿ...”

“ಅಪ್ಪನ ನೆನಪಿಗೇ ಹಾಕ್ತಿರೋದು. ದಿನಾ ಕಿಟಕಿಯಿಂದ ನೋಡ್ತೀನಲ್ಲ,” ಎಂದಳು ಅಮ್ಮ.

ಮನೆಗೆ ಹೋದ ಮೆರವಣಿಗೆಯನ್ನು ಬೀದಿಯವರು ಬಹಳ ದಿನ ನೆನೆಸಿಕೊಂಡರು. ಮುಂದೆ ಭಾವನ ಜೀಪು, ಅದರ ಮುಂದಿನ ಸೀಟಿನಲ್ಲಿ ಫ್ಲಾಸ್ಕ್ ಹಿಡಿದ ಅಮ್ಮ. ಅದಕ್ಕೆ ಕಟ್ಟಿದ ಹಗ್ಗದಲ್ಲಿ ಉಸಿರಿಲ್ಲದ ಕಾರು, ಸ್ಟಿಯರಿಂಗ್ ಹಿಡಿದು ಒದ್ದೆಯಾಗಿ ಕೂತ ಕನ್ನಡಕ. ಕಾರಿನ ಹಿಂದೆ ಟ್ರೇಲರ್, ಅದರ ಮೇಲೆ ದೋಣಿ. ಎಲ್ಲಕ್ಕೂ ಹಿಂದೆ, ಎಡ ಬಲ ಎಂದು ಕೂಗುತ್ತ ಡ್ರೈವರ್ ಮಾಮ. ಡಾಕ್ಟರು ಮಾತ್ರ ತಮ್ಮ ಬ್ಯಾಟರಿಯನ್ನು ಮತ್ತೆ ಕೂರಿಸುವುದು ಹೇಗೆಂದು ತಿಳಿಯದೆ ಕೆರೆಯ ಬಳಿಯೇ ಉಳಿದಿದ್ದರು.

ಭಾನುವಾರ ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ಒಂದು ಗಾಡಿ ಮಣ್ಣು ಬಂದು ಬಿತ್ತು. ಡ್ರೈವರ್ ಮಾಮ ಕಾಂಪೌಂಡಿನ ಆಚೆಯಿಂದ, ಬೇಕಾದರೆ ನಾವೆಲ್ಲ ಒಂದು ಕೈ ಹಾಕುತ್ತೇವೆ ಎಂದರು. ಅಮ್ಮ ಕಿಟಕಿಯಿಂದಲೇ ಬೇಡವೆಂದಳು.

“ನಮ್ಮ ಮನೆಯವರ ನಿಯಮ ಗೊತ್ತಲ್ಲ. ಒಬ್ಬನೇ ತುಂಬಬೇಕು. ಬೇರೆಯವರು ಕೈ ಹಾಕಬಾರದು.”

ಕನ್ನಡಕ ಬುಟ್ಟಿ ಹಿಡಿದು ಮಣ್ಣಿನ ರಾಶಿಯನ್ನು ನೋಡಿದ, ದೋಣಿಯ ಆಳವನ್ನು ನೋಡಿದ, ಬಲಹೆಗಲನ್ನು ಸವರಿಕೊಂಡ. ಆಗ ಅವನಿಗೆ ಅಪ್ಪನ ನೆನಪಾಯಿತು. ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದ ಹೆಂಡತಿಯ ಹತ್ತಿರ ಹೋಗಿ, ಆಚೆಯವರಿಗೆ ಕೇಳಿಸದಂತೆ ಪಿಸುಗುಟ್ಟಿದ.

“ನೋಡೇ, ನಾನು ಇಲ್ಲಿ ಅಡ್ಡ ನಿಂತ್ಕೋತೀನಿ. ಹಿಂದುಗಡೆಯಿಂದ ಯಾರಿಗೂ ಏನೂ ಕಾಣಿಸಲ್ಲ...”

ಹೆಂಡತಿ ಟೀ ಮುಗಿಸಿ ಲೋಟ ಕೆಳಗಿಟ್ಟಳು.

“ಅಡ್ಡ ನಿಲ್ಲೋಕೆ ನೀವು ನಿಮ್ಮಪ್ಪನ ಹಾಗೆ ಇದ್ದೀರಿ, ಒಪ್ಕೋತೀನಿ. ನಾನು ನಿಮ್ಮಮ್ಮ ಅಲ್ಲ,” ಎಂದು ಹೇಳಿ ಒಳಗೆ ಹೋದಳು.

ಕನ್ನಡಕ ಎಡಗೈಯಲ್ಲಿ ಮೊದಲ ಬುಟ್ಟಿ ಎತ್ತಿದ. ಮೂರು ಹೆಜ್ಜೆ ನಡೆದು, ಉಸಿರು ತೆಗೆದುಕೊಳ್ಳಲು ನಿಂತ. ಕಿಟಕಿಯಿಂದ ಅಮ್ಮನ ದನಿ ಗಡಸಾಗಿ, ಖುಷಿಯಾಗಿ ಕೇಳಿಸಿತು.

“ಹೂಂ... ಬರಲಿ, ಬರಲಿ.”